ಮುಂದಿನ ಜೋಡಿ

ಬೇಯುತ್ತಿರುವ ರಬ್ಬರಿನ ವಾಸನೆ ಎಂದರೆ ವಿಮಲಮ್ಮನಿಗೆ ತವರು. ಹುಣಸೂರಿನ ಮಡಿಕೇರಿ ರಸ್ತೆಯಲ್ಲಿ ಅವಳ ಅಪ್ಪನಿಗೆ ಟೈರಿನ ಅಂಗಡಿ ಇತ್ತು. ಸವೆದ ಟೈರಿಗೆ ಹೊಸ ರಬ್ಬರು ಕೂರಿಸಿ ಅಚ್ಚಿನಲ್ಲಿ ಬೇಯಿಸುವಾಗ ಏಳುತ್ತಿದ್ದ ವಾಸನೆ, ಗಂಧಕವೂ ಸೀದ ಬೆಲ್ಲವೂ ಬೆರೆತಂಥದ್ದು, ಹಾಸಿಗೆಗೆ, ಜಡೆಗೆ, ಬುತ್ತಿಯ ಮೊಸರನ್ನಕ್ಕೂ ಹತ್ತಿಕೊಳ್ಳುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ಸರಿದು ಕೂರುತ್ತಿದ್ದರು. ಸಾಕಮ್ಮ ಮೇಡಂ ಒಂದು ದಿನ ಅವಳನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿದರು. "ನಿನ್ನ ಅಕ್ಷರ ಚೆನ್ನಾಗಿದೆ, ಬೆಳಕಲ್ಲಿ ಕೂತು ಬರಿ" ಎಂದರು. ಕಿಟಕಿಯಿಂದ ಗಾಳಿ ಬರುತ್ತದೆಂದು ಅವರು ಬಾಯಿಬಿಟ್ಟು ಹೇಳಲೇ ಇಲ್ಲ.

ಅಂಗಡಿಗೆ ಬಂದವರನ್ನು ಅಪ್ಪ ಮೊದಲು ಕೇಳುತ್ತಿದ್ದದ್ದು ಗಾಡಿಯ ವಿಷಯವಲ್ಲ, ದಾರಿಯ ವಿಷಯ. ದಿನಾ ಓಡಾಡುವುದು ಟಾರಿನ ಮೇಲೋ, ಮಣ್ಣಿನ ಮೇಲೋ? ಆಳವಾದ ಹಲ್ಲಿನ ಟೈರು ಕೆಸರನ್ನು ಕಚ್ಚಿ ಹಿಡಿಯುತ್ತದೆ, ಆದರೆ ಟಾರಿನ ಮೇಲೆ ಗುರುಗುಟ್ಟುತ್ತ ಬೇಗ ಸವೆಯುತ್ತದೆ. ಉದ್ದುದ್ದ ಗೀರಿನ ಪಟ್ಟೆ ಟೈರು ಟಾರಿನ ಮೇಲೆ ತೇಲಿದಂತೆ ಓಡುತ್ತದೆ, ಕೆಸರಿಗಿಳಿದರೆ ಬೆಣ್ಣೆಯಂತೆ ಜಾರುತ್ತದೆ. ನಡುವೆ ಪಟ್ಟೆ, ಅಂಚಿಗೆ ಹಲ್ಲು ಇರುವ ಮೂರನೆಯ ಜಾತಿಯೊಂದಿತ್ತು. "ಎರಡು ಕಡೆಯೂ ಬದುಕೋ ಗಾಡಿಗೆ ಇದು ಕಣವ್ವ" ಎನ್ನುತ್ತಿದ್ದ ಅಪ್ಪ. ವಿಮಲಮ್ಮ ಮೈಸೂರಿನ ಕಾಲೇಜಿನಲ್ಲಿ ಬಿ.ಎ. ಮಾಡಿ, ಅಂತರಸಂತೆಯ ಕಡೆಯ ಜಮೀನ್ದಾರರ ಮನೆಗೆ ಸೊಸೆಯಾಗಿ ಹೋದ ಮೇಲೆ, ಅಪ್ಪನೂ ತೀರಿಕೊಂಡ ಮೇಲೆ, ಅಂಗಡಿ ಅವಳ ತಮ್ಮ ಚನ್ನಬಸವಣ್ಣನ ಕೈಗೆ ಬಂತು.

ಅವಳ ಗಂಡ ಮಹದೇವಪ್ಪನ ಹತ್ತಿರ ಒಂದು ಹಳೆಯ ಜೀಪಿತ್ತು. ಹೊಗೆಸೊಪ್ಪಿನ ವ್ಯಾಪಾರಕ್ಕೆ ಅದು ಟಾರು ರಸ್ತೆಯಲ್ಲಿ ಹುಣಸೂರಿಗೆ ಓಡುತ್ತಿತ್ತು, ಮಿಕ್ಕಂತೆ ಹೊಲದ ಬದುಗಳಲ್ಲಿ, ಕಾಕನಕೋಟೆ ಕಾಡಂಚಿನ ಗಿರಿಜನರ ಹಾಡಿಗೆ ಹೋಗುವ ಜಾಡಿನಲ್ಲಿ. ಪೆಟ್ರೋಲಿನ ಬೆಲೆ ಏರಿದ ವರ್ಷ ಎಲ್ಲರಂತೆ ಮಹದೇವಪ್ಪನೂ ಮುಂದಿನ ಗಾಲಿಗಳನ್ನು ತಿರುಗಿಸುವ ಶಾಫ್ಟನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದ್ದ. ಅಂದಿನಿಂದ ಇಂಜಿನ್ನು ತಿರುಗಿಸುತ್ತಿದ್ದದ್ದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಮುಂದಿನವು ದಾರಿ ತೋರಿಸುತ್ತ ಉರುಳಿಕೊಂಡು ಹೋಗುತ್ತಿದ್ದವು, ಅಷ್ಟೆ. ಆ ಬೇಸಿಗೆಯ ಹೊತ್ತಿಗೆ ನಾಲ್ಕು ಟೈರೂ ಬೋಳಾಗಿದ್ದವು.

ಟೈರು ಬದಲಾಯಿಸುವ ಮಾತು ಬಂದಾಗ ವಿಮಲಮ್ಮನ ಮನಸ್ಸಿನಲ್ಲಿದ್ದದ್ದು ಮುತ್ತಿ. ಮುತ್ತಿ ಹಾಡಿಯ ಚಿಕ್ಕಮಾದಿಯ ಮಗಳು. ತಾಯಿ ಮಗಳು ಇಬ್ಬರೂ ವಿಮಲಮ್ಮನ ಮನೆಯಲ್ಲಿ ಕೆಲಸಕ್ಕಿದ್ದವರು. ಮುತ್ತಿಯ ಎರಡು ಕೂಸುಗಳು ಹುಟ್ಟುವಾಗಲೇ ಹೋಗಿದ್ದವು. ಮೂರನೆಯದು ಆಷಾಢದಲ್ಲಿ, ಮಳೆ ಹಿಡಿದಿರುವಾಗ, ಆಗಬೇಕಿತ್ತು. ಕೋಟೆಯ ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸಿದಾಗ, "ಮನೇಲಿ ಹೆರಿಗೆ ಬೇಡ. ನೋವು ಬಂದ ತಕ್ಷಣ ಕರ್ಕೊಂಡು ಬನ್ನಿ, ತಡ ಮಾಡ್ಬೇಡಿ" ಎಂದಿದ್ದರು. ವಾಪಸು ಬರುವಾಗ ಮುತ್ತಿ ಬಸ್ಸಿನಲ್ಲಿ ತಲೆ ಬಗ್ಗಿಸಿ ಕೇಳಿದ್ದಳು, "ಅಕ್ಕ, ಮಳೇಲಿ ಹೆಂಗೆ ಬರಾದು?"

"ಜೀಪು ಬರ್ತದೆ ಕಣೆ. ನಾನೇ ಬರ್ತೀನಿ. ಇದು ನನ್ನ ಮಾತು" ಎಂದಿದ್ದಳು ವಿಮಲಮ್ಮ.

ಆದ್ದರಿಂದಲೇ ಗಂಡ ಹುಣಸೂರಿಗೆ ಹೊರಟಾಗ ತಾನೂ ಹತ್ತಿ ಕುಳಿತಳು. ಅಂಗಡಿಯಲ್ಲಿ ಮೂರನೆಯ ಜಾತಿಯ ಟೈರು ಇರಲಿಲ್ಲ. ಮೈಸೂರಿನಿಂದ ಬರಲು ತಡವಾಗುತ್ತದೆಂದ ಚನ್ನಬಸವಣ್ಣ. ಕಾಯುವ ತಾಳ್ಮೆ ಮಹದೇವಪ್ಪನಿಗಿಲ್ಲ. ಕೊನೆಗೆ ಆಳ ಹಲ್ಲಿನದೊಂದು ಜೋಡಿ, ಪಟ್ಟೆಯದೊಂದು ಜೋಡಿ ಎಂದು ತೀರ್ಮಾನವಾಯಿತು.

"ಹಲ್ಲಿನ ಜೋಡಿ ಮುಂದಕ್ಕೆ ಹಾಕು" ಎಂದ ಮಹದೇವಪ್ಪ.

ವಿಮಲಮ್ಮ ಮೆಲ್ಲಗೆ ಹೇಳಿದಳು, "ಹಿಂದಕ್ಕೆ ಹಾಕ್ಸಿ. ಶಾಫ್ಟು ತೆಗೆಸಿದ್ದೀರಿ. ಗಾಡಿನ ನೂಕೋದು ಹಿಂದಿನ ಗಾಲಿ."

ಮಹದೇವಪ್ಪ ನಕ್ಕ. ಅವನ ನಗುವಿನಲ್ಲಿ ಕೆಟ್ಟತನ ಇರಲಿಲ್ಲ. ಅದೇ ಕಷ್ಟ. "ಹೂತ್ಕೊಂಡ ಗಾಡಿಗೆ ಗಟ್ಟಿ ಎತ್ತು ಎಲ್ಲಿ ಕಟ್ತಾರೆ? ಮುಂದಲ ಜೋಡಿಗೆ ತಾನೆ? ಹಿಂದೆ ನಿಂತು ನೂಕೋ ಎತ್ತು ಎಲ್ಲಾದ್ರೂ ಕಂಡಿದ್ದೀಯಾ?"

"ಇದು ಎತ್ತಲ್ಲ."

"ನೋಡ್ರಪ್ಪ," ಮಹದೇವಪ್ಪ ಅಂಗಡಿಯ ಆಳುಗಳ ಕಡೆ ತಿರುಗಿದ, "ನಮ್ಮನೆಯೋಳು ಓದಿದ್ದು ಮೈಸೂರಲ್ಲಿ, ಪಾಸಾಗಿದ್ದು ಪಂಚರ್ ಅಂಗಡೀಲಿ." ಆಳುಗಳು ನಕ್ಕರು. ಅವರ ಅನ್ನವೂ ಅದೇ ಅಂಗಡಿಯದು.

ವಿಮಲಮ್ಮ ತಮ್ಮನ ಮುಖ ನೋಡಿದಳು. ಅವನಿಗೆ ಗೊತ್ತಿತ್ತು. ಇಬ್ಬರೂ ಒಂದೇ ಅಪ್ಪನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಕಲಿತವರು. ಆದರೆ ಹೆಣ್ಣು ಕೊಟ್ಟ ಮನೆಯವರು ಅಳಿಯನ ಮಾತಿಗೆ, ಅದೂ ನಾಲ್ಕು ಜನರ ಮುಂದೆ, ಎದುರಾಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಅಪ್ಪ ಇದ್ದಿದ್ದರೂ ಏನೆನ್ನುತ್ತಿದ್ದನೋ ಹೇಳಲಾಗದು. ಚನ್ನಬಸವಣ್ಣ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ, ಇನ್ನೊಮ್ಮೆ ಒರೆಸಿದ. "ಭಾವ ಹೇಳಾದೂ ಸರಿನೆಯ ಅಕ್ಕ. ಮುಂದಿದ್ರೆ ನೋಡಾಕೂ ಲಕ್ಷಣ."

ಹಲ್ಲಿನ ಜೋಡಿ ಮುಂದಕ್ಕೆ ಕೂತಿತು. ಹೊರಡುವಾಗ ತಮ್ಮ ಒಂದು ಚಿಪ್ಪು ರಸಬಾಳೆ ತಂದು, ಅಕ್ಕನ ಮುಖ ನೋಡದೆ, ಅವಳ ಕಾಲ ಹತ್ತಿರ ಇಟ್ಟ. ಮಹದೇವಪ್ಪ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಅವಳಿಗೆ ಮಲ್ಲಿಗೆ ಕೊಡಿಸಿದ. ಅವಳು ಮುಡಿದುಕೊಂಡಳು.

ಊರಿಗೆ ಬಂದ ಮೇಲೆ ಡ್ರೈವರ್ ತಿಮ್ಮಯ್ಯನನ್ನು ಕೇಳಿದಳು, ಟೈರು ಹಿಂದಕ್ಕೆ ಬದಲಾಯಿಸಲಾದೀತೆ ಎಂದು. ಅವನು ತಲೆ ಕೆರೆದುಕೊಂಡ. "ಯಜಮಾನ್ರು ಹೇಳ್ದೆ ಹೆಂಗೆ ಮುಟ್ಟಾದು ಅಮ್ಮಾರೆ? ಆದ್ರೂವೆ ಅವ್ರು ಅನ್ನಾದ್ರಲ್ಲೂ ನ್ಯಾಯ ಐತೆ. ಮುಂದೆ ಎಳ್ದ್ರೆ ತಾನೆ ಹಿಂದಿಂದು ಬರಾದು?" ಊರಿನ ಎಲ್ಲರಿಗೂ ಹಾಗೇ ಕಂಡಿತು. ಜೀಪು ಹೊಸ ಹಲ್ಲು ತೋರಿಸುತ್ತ ಜಗಲಿಯ ಮುಂದೆ ನಿಂತಾಗ ಬಂದವರೆಲ್ಲ ಟೈರಿನ ಮೇಲೆ ಕೈಯಾಡಿಸಿ, "ಹುಲಿ ಪಂಜ ಇದ್ದಂಗದೆ" ಎಂದು ಹೊಗಳಿ ಹೋದರು.

ಆಷಾಢದಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮಹದೇವಪ್ಪ ನೆಂಟರ ಮನೆಯ ಸಂಬಂಧ ಮಾತಾಡಲು ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋಗಿದ್ದ. ಚಿಕ್ಕಮಾದಿ ತೊಯ್ದ ಸೀರೆಯಲ್ಲಿ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. "ಅವ್ವ, ಮುತ್ತಿಗೆ ನೋವು ಬಂದದೆ. ಕೂಸು ಅಡ್ಡ ಮಲಗ್ಕಂಡದೆ. ನನ್ ಕೈಗೆ ತಲೆ ಸಿಕ್ತಾ ಇಲ್ಲ."

ವಿಮಲಮ್ಮ ಒಲೆಯ ಮೇಲಿದ್ದದ್ದನ್ನು ಹಾಗೇ ಇಳಿಸಿ, ತಿಮ್ಮಯ್ಯನನ್ನು ಕರೆದು ಜೀಪಿನಲ್ಲಿ ಹೊರಟಳು. ಹಾಡಿಗೆ ಹೋಗುವ ಜಾಡು ಕೊನೆಯಲ್ಲಿ ಹಳ್ಳಕ್ಕೆ ಇಳಿದು ಮತ್ತೆ ಏರುತ್ತದೆ. ಹೋಗುವಾಗ ಜೀಪು ಜಾರುತ್ತ ಜಾರುತ್ತಲೇ ಹೇಗೋ ದಾಟಿತು. ಈಚೆಯ ಏರಿಗಿಂತ ಆಚೆಯದು ಸಣ್ಣದು. ಮುತ್ತಿಯನ್ನು ಕಂಬಳಿಯಲ್ಲಿ ಎತ್ತಿ ತಂದು ಹಿಂದೆ ಮಲಗಿಸಿದರು. ತಾಯಿ ತಲೆ ಹಿಡಿದು ಕೂತಳು. ಮುತ್ತಿಯ ಗಂಡ ಮಲ್ಲ, ಪಕ್ಕದ ಗುಡಿಸಲಿನ ಕುಳ್ಳಿ, ಇಬ್ಬರೂ ಮಳೆಯಲ್ಲೇ ಗಾಡಿಯ ಹಿಂದೆ ನಡೆದರು.

ವಾಪಸಾಗುವಾಗ ದೊಡ್ಡ ಏರಿನ ನಡುವೆ ಜೀಪು ನಿಂತಿತು. ಹಿಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿ, ಕೆಂಪು ಕೆಸರನ್ನು ಪಟ್ಟೆಗಳಿಗೆ ತುಂಬಿಕೊಂಡು, ಎಣ್ಣೆ ಹಚ್ಚಿದ ಗಡಿಗೆಯಂತೆ ನುಣ್ಣಗಾದವು. ಮುಂದಿನ ಹೊಸ ಹಲ್ಲುಗಳು ಕದಲಲಿಲ್ಲ. ತಿಮ್ಮಯ್ಯ ಹಿಂದೆ ಬಿಟ್ಟು ಮತ್ತೆ ಏರಿಸಿದ. ಮತ್ತೆ ಅದೇ ಜಾಗ. ಮಲ್ಲ ಸೊಪ್ಪು ಮುರಿದು ತಂದು ಹಾಕಿದ. ಆಮೇಲೆ ಹೆಗಲ ಮೇಲಿದ್ದ ತನ್ನ ಕಂಬಳಿಯನ್ನು ತೆಗೆದು ಗಾಲಿಯ ಕೆಳಗೆ ಹಾಸಿದ. ಗಾಲಿ ಅದನ್ನು ಎಳೆದುಕೊಂಡು ಅಗಿದು ಹಿಂದಕ್ಕೆ ಉಗಿಯಿತು.

"ಮುಂದಲ ಟೈರು ಯಾಕೋ ಎಳೀತಾ ಇಲ್ಲ ಅಮ್ಮಾರೆ" ಎಂದ ತಿಮ್ಮಯ್ಯ.

"ಅದು ಎಳೆಯೋದೇ ಇಲ್ಲ. ಜಾಕು ತೆಗೀರಿ ತಿಮ್ಮಯ್ಯನೋರೆ."

"ಈಗಲಾ?"

"ಈಗಲೇ."

ಅವಳು ಸೀರೆ ಎತ್ತಿ ಕಟ್ಟಿ ಕೆಸರಿಗೆ ಮಂಡಿಯೂರಿದಳು. ಜಾಕು ಹೂತುಹೋಗದಂತೆ ಕೆಳಗಿಡಲು ಮಲ್ಲ ಹಳ್ಳದಿಂದ ಬಟ್ಟೆ ಒಗೆಯುವ ಚಪ್ಪಡಿಯನ್ನು ಹೊತ್ತು ತಂದ. ಸ್ಟೆಪ್ನಿಯೊಂದು ಇದ್ದದ್ದರಿಂದ ಒಂದೊಂದೇ ಗಾಲಿಯನ್ನು ಬಿಚ್ಚಿ, ಅದಲು ಬದಲು ಮಾಡಬಹುದಿತ್ತು. ಸ್ಪ್ಯಾನರು ಹಿಡಿಯುವುದನ್ನು ಅವಳ ಕೈ ಮರೆತಿರಲಿಲ್ಲ. ನಟ್ಟು ತಿರುಗದಿದ್ದಾಗ ಸ್ಪ್ಯಾನರಿನ ಹಿಡಿಯ ಮೇಲೆ ತಿಮ್ಮಯ್ಯ ಕಾಲಿಟ್ಟು ನಿಂತ. ಯಾರೂ ಹೇಳದಿದ್ದರೂ ಕುಳ್ಳಿ ಮಡಿಲೊಡ್ಡಿ, ಬಿಚ್ಚಿದ ನಟ್ಟುಗಳನ್ನು ಒಂದೂ ಕೆಸರಿಗೆ ಬೀಳದ ಹಾಗೆ ಹಿಡಿದುಕೊಂಡು ನಿಂತಳು. ಮೇಲೆ ಮಳೆ ಸುರಿಯುತ್ತಿತ್ತು. ಗಾಡಿಯೊಳಗಿಂದ ಮುತ್ತಿ ಮೊದಲು ಕೂಗುತ್ತಿದ್ದಳು, ಆಮೇಲೆ ನರಳುತ್ತಿದ್ದಳು. ಎರಡನೆಯ ಹಲ್ಲಿನ ಟೈರನ್ನು ಹಿಂದಕ್ಕೆ ಕೂರಿಸುವ ಹೊತ್ತಿಗೆ ನರಳುವುದೂ ಕೇಳುತ್ತಿರಲಿಲ್ಲ. ಚಿಕ್ಕಮಾದಿ "ಮುತ್ತಿ, ಮುತ್ತಿ" ಎನ್ನುವುದೊಂದೇ ಕೇಳುತ್ತಿತ್ತು.

ಜೀಪು ಒಂದೇ ಉಸಿರಿಗೆ ಏರು ಹತ್ತಿತು, ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ. ಯಾರೂ ಖುಷಿಪಡಲಿಲ್ಲ. ಮಲ್ಲ ಹಿಂದೆ ಹತ್ತಿ ಕೂತ. ಅಣೆಕಟ್ಟೆ ಕಟ್ಟುವ ಕೆಲಸದ ಲಾರಿಗಳು ಅಗೆದು ಹಾಕಿದ್ದ ಕೋಟೆ ರಸ್ತೆಯಲ್ಲೂ ಅದು ಎಲ್ಲೂ ಜಾರಲಿಲ್ಲ.

ಮುತ್ತಿ ಉಳಿದಳು. ಕೂಸು ಉಳಿಯಲಿಲ್ಲ. ಗಂಡು ಕೂಸು. ಡಾಕ್ಟರಮ್ಮ ಹೊರಗೆ ಬಂದು, "ಇನ್ನೊಂದು ಸ್ವಲ್ಪ ಮುಂಚೆ..." ಎಂದವರು ವಿಮಲಮ್ಮನ ಕೆಸರು ಮೆತ್ತಿದ ಕೈಗಳನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಒಳಗಿನಿಂದ ತಾವೇ ಒಂದು ಚೊಂಬು ಬಿಸಿನೀರು ತಂದು ಅವಳ ಕೈಗೆ ಹುಯ್ದರು. ಮಲ್ಲ ಕೂಸನ್ನು ಎತ್ತಿಕೊಂಡು, ಜೀಪು ಬೇಡವೆಂದು, ಮಳೆಯಲ್ಲಿ ನಡೆದೇ ಹೋದ.

ಸಂಜೆ ಮಹದೇವಪ್ಪ ಬಂದ. ಸುದ್ದಿ ಕೇಳಿ ನಿಜವಾಗಿಯೂ ನೊಂದುಕೊಂಡ. ಪೆಟ್ಟಿಗೆಯಿಂದ ಹೊಸ ಕಂಬಳಿ ತೆಗೆಸಿ ಮಲ್ಲನಿಗೆ ಕಳಿಸಿದ. ಆಮೇಲೆ ಜಗಲಿಗೆ ಬಂದು ನಿಂತವನಿಗೆ ಜೀಪು ಕಣ್ಣಿಗೆ ಬಿತ್ತು.

"ಇದ್ಯಾರು ಬದಲಾಯಿಸಿದ್ದು?"

"ನಾನು."

"ಹಾಡಿಯೋರ ಮುಂದೆ? ಕೆಸರಲ್ಲಿ ಕೂತು?"

"ಹೌದು. ಅದಕ್ಕೇ ಏರು ಹತ್ತಿದ್ದು."

ಅವನು ಬಗ್ಗಿ ಹಿಂದಿನ ಟೈರಿನ ಹಲ್ಲಿಗೆ ಮೆತ್ತಿದ್ದ ಕೆಸರನ್ನು ಬೆರಳಿನಿಂದ ಕೆರೆದ. "ಮುಂಚೇನೇ ಹಂಗೆ ಹಾಕಿಸಿದ್ರೆ ಕೂಸು ಬದುಕ್ತಿತ್ತು ಅಂತೀಯ."

"ನಾನು ಏನೂ ಅನ್ನಲಿಲ್ಲ."

"ನೀನು ಅನ್ನದೆ ಇದ್ರೂ ಕೇಳ್ತದೆ ಕಣೆ."

ಅವಳು ಒಳಗೆ ಹೋದಳು. ಅವನು ಅಂದು ಉಣ್ಣಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದುಕೊಂಡಳು ವಿಮಲಮ್ಮ. ಅರ್ಥವಾಗಿದೆ, ಇನ್ನು ಮೇಲೆ ಹೇಳಬೇಕಾಗಿಲ್ಲ.

ಬೆಳಿಗ್ಗೆ ಅಡಿಗೆಮನೆಯಲ್ಲಿದ್ದಾಗ ಅಂಗಳದಲ್ಲಿ ಜಾಕಿನ ಕಿರುಗುಟ್ಟುವಿಕೆ ಕೇಳಿ ಹೊರಗೆ ಬಂದಳು. ತಿಮ್ಮಯ್ಯ ಹಿಂದಿನ ಗಾಲಿ ಬಿಚ್ಚುತ್ತಿದ್ದ. ಮಹದೇವಪ್ಪ ಕಂಬಕ್ಕೊರಗಿ ನಿಂತಿದ್ದ.

"ಬುದ್ಧಿ, ಇವು ಹಿಂದೆ ಇದ್ರೇನೆ..." ಎಂದ ತಿಮ್ಮಯ್ಯ, ಸ್ಪ್ಯಾನರು ನೋಡುತ್ತ.

"ಗೊತ್ತು ಮಾರಾಯ. ಮುಂದಕ್ಕೆ ಹಾಕು." ಮಹದೇವಪ್ಪನ ದನಿ ದೊಡ್ಡದಾಗಿರಲಿಲ್ಲ. "ಹಿಂಗೇ ಬಿಟ್ರೆ ಊರೋರು ಕೇಳ್ತಾರೆ, ಯಾಕೆ ಬದಲಾಯ್ಸಿದ್ರಿ ಅಂತ. ಏನಂತ ಹೇಳ್ಲಿ? ನಾನು ಒಂದು ಕೂಸು ತಿಂದೆ ಅಂತ ಹೇಳ್ಲಾ?"

ಹೆಂಡತಿ ಬಾಗಿಲಲ್ಲಿ ನಿಂತದ್ದನ್ನು ಅವನು ಆಗ ನೋಡಿದ. ಅರ್ಥವಾಗದವನ ಜೊತೆ ಇಷ್ಟು ವರ್ಷ ಬಾಳಿದ್ದೇನೆ ಎಂದು ಅವಳು ತಿಳಿದಿದ್ದಳು. ಅರ್ಥವಾಗಿಯೂ ಹೀಗೆ ಮಾಡಬಲ್ಲವನ ಜೊತೆ ಬಾಳುವುದು ಬೇರೆ ಎಂದು ಆ ಬೆಳಿಗ್ಗೆ ಗೊತ್ತಾಯಿತು.

ಅವಳು ಅನ್ನ ಬಸಿದು, ಮೆಣಸಿನ ಸಾರು ಮಾಡಿ, ಕ್ಯಾರಿಯರಿಗೆ ತುಂಬಿದಳು.

"ಇನ್ನೊಂದು ಗಳಿಗೆ ತಡಿ, ತಿಮ್ಮಯ್ಯ ಬಿಟ್ಟು ಬತ್ತಾನೆ" ಎಂದ ಮಹದೇವಪ್ಪ.

"ಬಸ್ಸಿಗೆ ಹೋಗ್ತೀನಿ" ಎಂದು ಅವಳು ಛತ್ರಿ ಬಿಚ್ಚಿದಳು.

ಆಸ್ಪತ್ರೆಯಲ್ಲಿ ಮುತ್ತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಎದೆಯ ಮೇಲಿನ ಸೀರೆ ಹಾಲಿನಿಂದ ಒದ್ದೆಯಾಗಿತ್ತು. ಮಂಚದ ಕೆಳಗೆ ಕೂತಿದ್ದ ಚಿಕ್ಕಮಾದಿ ಏಳಲು ಹೋದಳು, ವಿಮಲಮ್ಮ ಭುಜ ಹಿಡಿದು ಕೂರಿಸಿದಳು.

"ಬಸ್ಸಲ್ಲಿ ಬಂದ್ರಾ ಅವ್ವ? ಗಾಡಿ?"

"ಮನೇಲಿದೆ. ಟೈರು ಮುಂದಕ್ಕೆ ಹಾಕ್ತಾ ಇದ್ದಾರೆ."

ಚಿಕ್ಕಮಾದಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಮಗಳ ಕಾಲಿನ ಮೇಲೆ ಹೊದಿಕೆ ಸರಿಮಾಡಿದಳು. ಮುತ್ತಿ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ವಿಮಲಮ್ಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಕೊಟ್ಟ ಮಾತಿನ ಬಗ್ಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಬಿಟ್ಟುಬಿಟ್ಟಳು. ಅವಳು ಮಂಚದ ಅಂಚಿಗೆ ಕೂತು ಕ್ಯಾರಿಯರು ಬಿಚ್ಚಿದಳು. ಬಿಸಿ ಇನ್ನೂ ಆರಿರಲಿಲ್ಲ. ಅನ್ನಕ್ಕೆ ಸಾರು ಹಾಕಿ ಮೆತ್ತಗೆ ಕಲಸಿ, ಡಬ್ಬಿಯನ್ನು ಮುತ್ತಿಯ ಕೈಗೆ ಕೊಟ್ಟಳು.