ಒಂದು ಲೋಟದ ಭಾಷಣ

ಶಟರ್ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಲಾಂಡ್ರಿಯಮ್ಮನ ಮಗಳು ಎರಡೂ ಕೈ ಕೊಟ್ಟು ಎತ್ತಿದಳು, ಅಲುಗಾಡಿಸಿದಳು, ಕೊನೆಗೆ ಒಮ್ಮೆ ಒದ್ದೂ ನೋಡಿದಳು. ಜಪ್ಪಯ್ಯ ಅಂದರೂ ಅದು ಮೇಲೆ ಹೋಗಲಿಲ್ಲ.

"ಬಲಗಡೆ ಮೂಲೆಗೆ ಮೊಣಕಾಲಲ್ಲಿ ಒಂದು ಕೊಡ್ಬೇಕಮ್ಮ," ಎಂದ ಪಕ್ಕದ ಕಟಿಂಗ್ ಶಾಪಿನವನು. "ನಿಮ್ಮಮ್ಮ ದಿನಾ ಹಾಗೇ ಮಾಡ್ತಿದ್ರು. ಜೊತೆಗೆ ಎರಡು ಬೈಗುಳಾನೂ ಕೊಡ್ತಿದ್ರು."

ಮಗಳು ಮೊಣಕಾಲು ಕೊಟ್ಟಳು. ಬೈಗುಳ ಬಾಯಿಗೆ ಬರಲಿಲ್ಲ, ಅಳು ಬಂತು. ಶಟರ್ ಗಡಗಡ ಸದ್ದು ಮಾಡುತ್ತ ಮೇಲಕ್ಕೆ ಹೋಯಿತು.

ಅವಳ ಹಿಂದೆ ರಸ್ತೆಯಲ್ಲಿ ಬೀದಿಯವರ ಕ್ಲಬ್ಬಿಗೆ ಕ್ಲಬ್ಬೇ ನಿಂತಿತ್ತು. ನೋಡುವ ಹಾಗಿರಲಿಲ್ಲ. ಕಟಿಂಗ್ ಶಾಪಿನವನು ತನ್ನ ಮದುವೆಯ ಕೋಟು ತೊಟ್ಟಿದ್ದ. ಅದಕ್ಕೂ ಅವನ ಹೊಟ್ಟೆಗೂ ಎಣ್ಣೆ ಸೀಗೆಕಾಯಿ ಸಂಬಂಧವಾಗಿ ಯಾವ ಕಾಲವಾಗಿತ್ತೋ. ಟೀಚರ್ ಶಾಲೆಯ ಆಟೋಟದ ಟೀ ಶರ್ಟಿನಲ್ಲಿ ಬಂದಿದ್ದರು, ಬೆನ್ನ ಮೇಲೆ ‘ತೀರ್ಪುಗಾರರು’ ಎಂದು ದಪ್ಪಕ್ಷರದಲ್ಲಿತ್ತು. ಕಾರ್ಯದರ್ಶಿ ಮೈಕಣ್ಣ ಮಲಗುವ ಅಂಗಿಯ ಮೇಲೆ ಮಳೆಕೋಟು ಹಾಕಿಕೊಂಡು ಕುತ್ತಿಗೆಯವರೆಗೆ ಗುಂಡಿ ಬಿಗಿದಿದ್ದರು. ಬಿಸಿಲು ಸುಡುತ್ತಿತ್ತು.

ತಪ್ಪು ಯಾರದೂ ಅಲ್ಲ. ಆ ಶನಿವಾರ ಕ್ಲಬ್ಬಿನ ವಾರ್ಷಿಕ ಊಟ ಇರಬೇಕಿತ್ತು. ಊಟಕ್ಕೆ ಬರುವವರು ತಮ್ಮ ಒಳ್ಳೆಯ ಬಟ್ಟೆಯನ್ನು ಮುಂಚಿತವಾಗಿ ಅಧ್ಯಕ್ಷರ ಲಾಂಡ್ರಿಗೆ ಕೊಡಬೇಕು, ಅದರ ಇಸ್ತ್ರಿ ಪುಕ್ಕಟೆ. ಇದು ಅಧ್ಯಕ್ಷರಾದ ಲಾಂಡ್ರಿಯಮ್ಮನೇ ಮಾಡಿದ ಕಾನೂನು. ಎಲ್ಲರೂ ಒಳ್ಳೆಯ ಬಟ್ಟೆಯ ಜೊತೆಗೆ, ಪುಕ್ಕಟೆ ತಾನೇ ಎಂದು, ಉಳಿದದ್ದನ್ನೂ ತುರುಕಿ ಕೊಟ್ಟಿದ್ದರು. ಗುರುವಾರ ಸಂಜೆ ಅಧ್ಯಕ್ಷರು ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದರು. ಅಂಗಡಿಗೆ ಬೀಗ ಬಿತ್ತು, ಬೀಗದ ಕೈ ಅವರ ಕೈಚೀಲದಲ್ಲಿ ಆಸ್ಪತ್ರೆಗೆ ಹೋಯಿತು. ಅವರು ಅಲ್ಲೇ ತೀರಿಕೊಂಡರು. ಶನಿವಾರ ಬೆಳಗ್ಗೆ ಅವರನ್ನು ಕಳಿಸಿಕೊಡಲು ಬೀದಿ ಹೊರಟು ನಿಂತಾಗ ಯಾರ ಮನೆಯಲ್ಲೂ ನೆಟ್ಟಗಿನ ಒಂದು ಬಟ್ಟೆ ಇರಲಿಲ್ಲ.

"ಇರ್ಲಿ ಬಿಡಮ್ಮ," ಎಂದರು ಟೀಚರ್. "ಹೇಗಿದ್ದೀವೋ ಹಾಗೇ ಬರ್ತೀವಿ. ಅವರೇನು ಎದ್ದು ನೋಡ್ತಾರಾ?"

"ಎದ್ರೂ ಏಳ್ತಾಳೆ, ನಿಮ್ಮನ್ನೆಲ್ಲ ಈ ವೇಷದಲ್ಲಿ ಕಂಡ್ರೆ," ಎಂದಳು ಮಗಳು ಕಣ್ಣೊರೆಸಿಕೊಳ್ಳುತ್ತ. "ಒಳಗೆ ಬನ್ನಿ ಎಲ್ರೂ."

ಒಳಗೆ ಗಂಜಿಯ ವಾಸನೆ ಹಾಗೇ ಇತ್ತು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಟ್ಟೆಗಳು ಮಡಿಕೆ ತಪ್ಪದೆ ಕೂತಿದ್ದವು. ಎಲ್ಲ ಮುಗಿದಿತ್ತು, ಒಂದು ಬಿಟ್ಟು. ಮೇಜಿನ ಮೇಲೆ ಒಂದು ಬಿಳಿ ಶರ್ಟು ಅಂಗಾತ ಬಿದ್ದಿತ್ತು. ಕಾಲರು, ಬೆನ್ನು, ಎಡದ ತೋಳು ಗರಿಗರಿಯಾಗಿದ್ದವು. ಬಲದ ತೋಳು ಮಾತ್ರ ಒಗೆದು ಹಿಂಡಿದಾಗ ಹೇಗಿತ್ತೋ ಹಾಗೇ ಮುದುರಿಕೊಂಡಿತ್ತು.

ಮಗಳು ಗೋಡೆಯ ಸ್ವಿಚ್ಚನ್ನು ನೋಡಿದಳು. ಅವಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಇಂಥ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆಂದು ಕಂಡವಳು.

"ಬೀಳೋ ಮುಂಚೆ ಆರಿಸಿದ್ದಾಳೆ. ಎದೆ ಹಿಡ್ಕೊಳ್ಳೋದು ಬಿಟ್ಟು ಸ್ವಿಚ್ ಆರಿಸಿದ್ದಾಳೆ ನೋಡಿ."

"ಶರ್ಟ್ ಸುಟ್ಟು ಹೋಗ್ಬಾರ್ದಲ್ಲ," ಎಂದರು ಮೈಕಣ್ಣ. ಶರ್ಟು ಅವರದು.

"ಕೊಡಿ ಮಾವ, ಇನ್ನೊಂದು ತೋಳು ನಾನು ಎಳೆದು ಕೊಡ್ತೀನಿ. ಎಷ್ಟೊತ್ತಿನ ಕೆಲಸ?"

"ಬೇಡಮ್ಮ. ಅವರು ಎಲ್ಲಿಗೆ ಬಿಟ್ರೋ ಅಲ್ಲಿಗೇ ಇರ್ಲಿ," ಎಂದು ಮೈಕಣ್ಣ ಶರ್ಟನ್ನು ಎತ್ತಿಕೊಂಡು ಪರದೆಯ ಹಿಂದೆ ಹೋದರು.

*

ಮೈಕಣ್ಣ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುತ್ತಿದ್ದವರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಇನ್ನೇನು ಹೊರಟಿತು ಎಂದು ಹೇಳುವುದರಲ್ಲೇ ಅವರ ಆಯಸ್ಸು ಕಳೆದಿತ್ತು. ನಿವೃತ್ತಿಯಾದ ಮೇಲೂ ಬಾಯಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಹೆಂಡತಿ ತೀರಿಕೊಂಡ ದಿನ ಸಿಕ್ಕಿತು. ಹಾಲಿನವನಿಗೆ ಹೂಂ, ತರಕಾರಿಯವಳಿಗೆ ಬೇಡ. ಇಷ್ಟರಲ್ಲೇ ಅವರ ದಿನ ಮುಗಿಯುತ್ತಿತ್ತು.

ಒಂದು ಬೆಳಗ್ಗೆ ಲಾಂಡ್ರಿಯಮ್ಮ ಬಾಗಿಲಲ್ಲಿ ಬಂದು ನಿಂತರು.

"ನಿಮ್ಮ ಬಿಳಿ ಶರ್ಟ್ ಎಲ್ಲಿ?"

"ಬೀರುನಲ್ಲಿದೆ. ಯಾಕೆ?"

"ನನ್ನ ಅಂಗಡಿಗೆ ಬಂದು ವರ್ಷ ಆಯ್ತಲ್ಲ, ಬದುಕಿದ್ಯೋ ಇಲ್ವೋ ಅಂತ ನೋಡೋಕೆ ಬಂದೆ."

"ಅದನ್ನ ಹಾಕ್ಕೊಂಡು ಎಲ್ಲಿಗಮ್ಮ ಹೋಗ್ಲಿ ನಾನು?"

"ಹೋಗೋ ಜಾಗ ಹುಡುಕೋದು ನನ್ನ ತಲೆನೋವು. ನೀವು ಶರ್ಟ್ ಕೊಡಿ."

ಅವರ ಕೆಲಸದ ಬಗೆಯೇ ಅದು. ಬೀದಿಯಲ್ಲಿ ಯಾರ ಒಳ್ಳೆಯ ಬಟ್ಟೆ ಇಸ್ತ್ರಿಗೆ ಬರುವುದು ನಿಂತಿತು ಎಂದು ನೋಡುತ್ತಿದ್ದರು. ಒಳ್ಳೆಯ ಬಟ್ಟೆ ಬರುತ್ತಿಲ್ಲ ಎಂದರೆ ಆ ಮನುಷ್ಯ ಎಲ್ಲಿಗೂ ಹೋಗುತ್ತಿಲ್ಲ. ಆಗ ಕ್ಲಬ್ಬಿನಲ್ಲಿ ಏನಾದರೊಂದು ಕಾರ್ಯಕ್ರಮ ಹುಟ್ಟಿಕೊಳ್ಳುತ್ತಿತ್ತು. ಆ ವರ್ಷ ಹಾಡಿನ ಸಂಜೆ ನಡೆಯಿತು, ಅದರಲ್ಲಿ ಹಾಡಬಾರದವರೆಲ್ಲ ಹಾಡಿದರು. ಇಸ್ಪೀಟಿನ ಪಂದ್ಯದಲ್ಲಿ ಕಟಿಂಗ್ ಶಾಪಿನವನೂ ಟೀಚರೂ ಮಾತು ಬಿಟ್ಟರು, ಮುಂದಿನ ತಿಂಗಳು ಕೆರೆಯ ದೋಣಿಯಲ್ಲಿ ಇಬ್ಬರನ್ನೂ ಒಂದೇ ಹಲಗೆಯ ಮೇಲೆ ಕೂರಿಸಿ ಮಾತು ಆಡಿಸಲಾಯಿತು. ವನಭೋಜನಕ್ಕೆ ಮಳೆ ಬಂದಾಗ ಅಧ್ಯಕ್ಷರು ಎಲ್ಲರನ್ನೂ ಲಾಂಡ್ರಿಯೊಳಗೆ ತುಂಬಿದರು. ತೂಗುಹಾಕಿದ ಹೊದಿಕೆಗಳ ಕೆಳಗೆ ಬೀದಿಯ ಜನ ಕೂತು ಉಂಡರು. ಕೆರೆಯ ದಡದಲ್ಲಿ ಅಷ್ಟು ನಗು ಬರುತ್ತಿತ್ತೋ ಇಲ್ಲವೋ.

ಮೈಕಣ್ಣನನ್ನು ಅವರು ಕಾರ್ಯದರ್ಶಿ ಮಾಡಿದರು. ಅದೊಂದು ಮಾತ್ರ ಯೋಚಿಸದೆ ಮಾಡಿದ ಕೆಲಸ. ವರ್ಷವಿಡೀ ಕಟ್ಟಿಕೊಂಡಿದ್ದ ಬಾಯಿ ಮೊದಲ ಸ್ವಾಗತ ಭಾಷಣದಲ್ಲೇ ಬಿಚ್ಚಿಕೊಂಡಿತು. ಊಟ ಆರಿತು, ಮಕ್ಕಳು ನಿದ್ದೆ ಹೋದರು, ಭಾಷಣ ಇನ್ನೂ ಪೀಠಿಕೆಯಲ್ಲಿತ್ತು.

ಲೋಟದ ಕಾನೂನು ಬಂದದ್ದು ಅದರ ಮುಂದಿನ ಸಭೆಯಲ್ಲಿ. ಮಾತಾಡುವವರು ಒಲೆಯಿಂದ ಆಗಷ್ಟೇ ಇಳಿದ ಚಹಾ ತುಂಬಿದ ಸ್ಟೀಲ್ ಲೋಟವನ್ನು ಕೈಯಲ್ಲಿ ಹಿಡಿದು ನಿಲ್ಲಬೇಕು. ಹಿಡಿದಷ್ಟು ಹೊತ್ತು ಮಾತು. ಕೈ ಸುಟ್ಟು ಲೋಟ ಮೇಜಿಗೆ ತಾಗಿದರೆ ಭಾಷಣ ಮುಗಿಯಿತು, ಚಪ್ಪಾಳೆ. ಮೈಕಣ್ಣ ಕೈ ಬದಲಿಸಿ ನೋಡಿದರು, ಕರವಸ್ತ್ರ ಸುತ್ತಿ ಸಿಕ್ಕಿಬಿದ್ದರು.

"ನಿಮ್ಮ ಬೆರಳು ಇಸ್ತ್ರಿ ಮಾಡಿ ಮಾಡಿ ಮರ ಆಗಿದೆ," ಎಂದು ಅವರು ಜಗಳಕ್ಕೇ ನಿಂತರು. "ನಿಮಗೆ ಬೇಕಾದ ಹಾಗೆ ಕಾನೂನು ಮಾಡ್ಕೊಂಡಿದ್ದೀರಿ, ಅಧ್ಯಕ್ಷರೇ."

ಮಾತು ನಿಜ. ಅಧ್ಯಕ್ಷರು ಆ ಲೋಟ ಹಿಡಿದು ಬೆಳಗಾಗುವವರೆಗೆ ಮಾತಾಡಬಹುದಿತ್ತು. ಆದರೆ ಅವರ ಭಾಷಣ ಯಾವತ್ತೂ ಒಂದೇ. "ಬಂದಿದ್ದೀರಿ, ಸಂತೋಷ. ಕೂತ್ಕೊಳ್ಳಿ."

*

ಸೈಕಲ್ ಅಂಗಡಿಯ ಮೇಲಿನ ಕ್ಲಬ್ಬಿನ ಕೋಣೆಯಲ್ಲಿ ಅಧ್ಯಕ್ಷರನ್ನು ಮಲಗಿಸಿದ್ದರು. ಕಿಟಕಿ ತೆರೆದಿತ್ತು. ಸುತ್ತ ಎಲ್ಲರೂ ವಾರ್ಷಿಕ ಊಟದ ಬಟ್ಟೆಯಲ್ಲಿ ಗರಿಗರಿಯಾಗಿ ನಿಂತಿದ್ದರು. ಕೂತರೆ ಮಡಿಕೆ ಕೆಡುತ್ತದೆ ಎಂದು ಯಾರೂ ಕೂರಲಿಲ್ಲ.

ಮಗಳು ಮೈಕಣ್ಣನನ್ನು ಬಾಗಿಲ ಬಳಿ ಕರೆದಳು.

"ಮಾವ, ಬೇಜಾರು ಮಾಡ್ಕೋಬೇಡಿ. ಇವತ್ತು ಭಾಷಣ ಬೇಡ. ಗಾಡಿ ಬರೋ ಹೊತ್ತಾಯ್ತು. ಆಮೇಲೆ ಜನ... ಜನ ನಗ್ತಾರೆ ಮಾವ. ನನಗೆ ಇವತ್ತು ಅದನ್ನ ತಡ್ಕೊಳ್ಳೋಕೆ ಆಗಲ್ಲ."

ಮೈಕಣ್ಣ ತಲೆ ತಗ್ಗಿಸಿದರು. ಮುದುರಿದ ತೋಳನ್ನು ಸುಮ್ಮನೆ ಸವರಿಕೊಂಡರು. ಹೆಂಡತಿ ಹೋದ ಮೇಲೆ ತನ್ನನ್ನು ಮನೆಯಿಂದ ಹೊರಗೆ ತಂದವರು ಅಧ್ಯಕ್ಷರು. ಅದಕ್ಕೊಂದು ಒಳ್ಳೆಯ ಮಾತನ್ನು ತಾನು ಅವರಿಗೆ ಹೇಳಿರಲಿಲ್ಲ. ವರ್ಷವಿಡೀ ಲೋಟದ ವಿಷಯಕ್ಕೆ ಜಗಳವಾಡಿದ್ದೇ ಬಂತು. ಇವತ್ತು ಹೇಳದಿದ್ದರೆ ಹೇಳಲು ಇನ್ನು ದಿನವಿಲ್ಲ.

"ಒಂದೇ ಲೋಟ," ಎಂದರು. "ಕಾನೂನು ಪ್ರಕಾರ."

ಕಟಿಂಗ್ ಶಾಪಿನವನು ಅವರ ಬೆನ್ನ ಹಿಂದಿನಿಂದ ಬೇಡ ಬೇಡ ಎಂದು ಮಗಳಿಗೆ ಕಣ್ಸನ್ನೆ ಮಾಡಿದ. ಮಗಳು ಅದನ್ನೂ ನೋಡಿದಳು, ಮೈಕಣ್ಣನ ತೋಳನ್ನೂ ನೋಡಿದಳು.

"ಕರವಸ್ತ್ರ ಇಲ್ಲದೆ," ಎಂದಳು.

*

ಹಿಂದಿನ ತಿಂಗಳ ಕಾರ್ಯಕ್ರಮ ಹಳೆಯ ಫೋಟೋಗಳ ಸಂಜೆ. ಎಲ್ಲರೂ ತಮ್ಮವರ ಫೋಟೋ ತಂದು ತೋರಿಸಿ ಎರಡು ಮಾತು ಹೇಳಿದರು. ಮೈಕಣ್ಣ ಬಸ್ ನಿಲ್ದಾಣದ ಫೋಟೋ ತಂದಿದ್ದರು. ಕಂಬ ಯಾವಾಗ ನೆಟ್ಟರು, ಗಡಿಯಾರ ಯಾವಾಗ ಕೆಟ್ಟಿತು ಎಂದು ಲೋಟ ಮೇಜಿಗೆ ಬೀಳುವವರೆಗೂ ಹೇಳಿದರು.

ಎಲ್ಲರೂ ಹೋದ ಮೇಲೆ ಅಧ್ಯಕ್ಷರು ಲೋಟ ತೊಳೆಯುತ್ತಿದ್ದರು, ಮೈಕಣ್ಣ ಒರೆಸಿ ಬೋರಲು ಹಾಕುತ್ತಿದ್ದರು.

"ನಿಮ್ಮಾಕೆ ಫೋಟೋ ಯಾಕೆ ತರ್ಲಿಲ್ಲ?"

ಮೈಕಣ್ಣ ಒರೆಸಿದ ಲೋಟವನ್ನೇ ಮತ್ತೆ ಒರೆಸಿದರು. "ತಂದಿದ್ದೆ. ಜೇಬಲ್ಲೇ ಇತ್ತು. ಆಕೆ ವಿಷಯ ಅಂದ್ರೆ ಒಂದು ಮಾತೂ ಹೊರಡಲ್ಲಮ್ಮ ನನಗೆ. ಊರಿನದೆಲ್ಲ ಬರುತ್ತೆ, ಅದೊಂದು ಬರಲ್ಲ."

"ಬರದಿದ್ರೆ ಬಿಡಿ. ಲೋಟ ಹಿಡ್ಕೊಂಡು ಸುಮ್ನೆ ನಿಂತ್ಕೊಳ್ಳಿ."

"ಸುಮ್ನೆ ನಿಂತ್ರೆ ಅದ್ಯಾವ ಭಾಷಣ?"

"ಇಷ್ಟು ದಿನ ಮಾತಾಡಿದ್ದನ್ನ ಸಹಿಸ್ಕೊಂಡಿಲ್ವಾ ನಾವು? ಸುಮ್ನಿದ್ರೂ ಸಹಿಸ್ಕೋತೀವಿ. ಚಹಾ ಆರೋವರೆಗೂ ಕಾಯ್ತೀವಿ, ಆಯ್ತಾ?" ಎಂದು ಅಧ್ಯಕ್ಷರು ಒದ್ದೆ ಕೈ ಕೊಡವಿದರು. ಹನಿಗಳು ಮೈಕಣ್ಣನ ಕನ್ನಡಕದ ಮೇಲೆ ಬಿದ್ದವು. ಅದಕ್ಕೂ ಒಂದು ಜಗಳವಾಯಿತು.

*

ಟೀಚರ್ ಲೋಟ ತುಂಬಿ ತಂದರು. ಅದರಿಂದ ಹಬೆ ಏಳುತ್ತಿತ್ತು. ಮೈಕಣ್ಣ ಅದನ್ನು ಬಲಗೈಯಲ್ಲಿ, ಮುದುರಿದ ತೋಳಿನ ಕೈಯಲ್ಲಿ ಹಿಡಿದು ಅಧ್ಯಕ್ಷರ ತಲೆಯ ಬಳಿ ನಿಂತರು. ಗಂಟಲು ಸರಿಮಾಡಿಕೊಂಡರು. ಆ ಸದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಕಟಿಂಗ್ ಶಾಪಿನವನು ಮಡಿಕೆಯ ಚಿಂತೆ ಬಿಟ್ಟು ಗೋಡೆಗೆ ಒರಗಿದ.

"ದಯವಿಟ್ಟು ಗಮನಿಸಿ," ಎಂದರು ಮೈಕಣ್ಣ.

ಎಲ್ಲರೂ ಗಮನಿಸಿದರು. ಮೈಕಣ್ಣನ ಬಾಯಿ ತೆರೆಯಿತು, ಮುಚ್ಚಿತು. ಅವರು ಮಲಗಿದ್ದವರ ಕೈ ನೋಡಿದರು, ಆ ಮರದಂಥ ಬೆರಳುಗಳನ್ನು. ಆಮೇಲೆ ಏನೂ ಹೇಳಲಿಲ್ಲ.

ಮೊದಲು ಯಾರೋ ಕೆಮ್ಮಿದರು. ಆಮೇಲೆ ಅದೂ ನಿಂತಿತು. ಮೈಕಣ್ಣನ ಬೆರಳ ತುದಿಗಳು ಕೆಂಪಾದವು. ಅವರು ಕೈ ಬದಲಿಸಲಿಲ್ಲ.

ಮಗಳು ಒಂದು ಹೆಜ್ಜೆ ಮುಂದೆ ಬಂದಳು. "ಮಾವ, ಸಾಕು, ಕೆಳಗಿಡಿ. ಕೈ ಸುಡ್ತಿದೆ."

ಟೀಚರ್ ಅವಳ ಮುಂಗೈ ಹಿಡಿದು ನಿಲ್ಲಿಸಿದರು. "ಬಿಡಮ್ಮ," ಎಂದರು ಮೆಲ್ಲಗೆ. "ಮಾತಾಡ್ತಿದ್ದಾರೆ."

ಕೆಳಗೆ ಗಾಡಿ ಬಂದು ಹಾರ್ನ್ ಮಾಡಿತು. ಯಾರೂ ಇಳಿದು ಹೋಗಲಿಲ್ಲ. ಲೋಟದ ಮೇಲಿನ ಹಬೆ ತೆಳುವಾಯಿತು, ಬಿಟ್ಟು ಬಿಟ್ಟು ಬಂತು, ನಿಂತಿತು. ಮಗಳು ಅಳುತ್ತಿದ್ದಳು, ಮನಸಾರೆ ಅಳಲು ಬೆಳಗ್ಗೆಯಿಂದ ಅವಳಿಗೆ ಪುರುಸೊತ್ತಾದದ್ದು ಈಗಲೇ.

ಮೈಕಣ್ಣ ಬಗ್ಗಿ ಲೋಟವನ್ನು ಮೇಜಿನ ಮೇಲಿಟ್ಟರು. ಆ ಸದ್ದು ಕೇಳಿದ್ದೇ ಅಭ್ಯಾಸಬಲದಿಂದ ಕಟಿಂಗ್ ಶಾಪಿನವನ ಎರಡೂ ಅಂಗೈ ಹತ್ತಿರ ಬಂದವು, ಒಂದನ್ನೊಂದು ಮುಟ್ಟಿ ಹಾಗೇ ನಿಂತವು.

ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಆರಿದ ಚಹಾದ ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು, ಅದರಲ್ಲಿ ಒಂದು ಸುಕ್ಕೂ ಇರಲಿಲ್ಲ.