ಕನ್ನಡಿ ಮೇಲೇರಿದ ಮನೆ

ಪೆಕಲೋಂಗನ್ ಊರಿನ ಉತ್ತರದ ಕೇರಿಗಳಿಗೆ ಸಮುದ್ರ ನೆಂಟರ ಹಾಗೆ ಬರುತ್ತದೆ. ಕರೆಯದೆ ಬರುತ್ತದೆ, ಬಂದ ಮೇಲೆ ಏಳುವ ಮಾತೇ ಇಲ್ಲ. ಅಂಥ ಕೇರಿಯೊಂದರ ಬಾಯಲ್ಲಿ ವೆನಿಂಗಳ ಸಲೂನು. ಗಂಡಾಗಿ ಹುಟ್ಟಿ, ಬುದ್ಧಿ ಬಂದಂದಿನಿಂದ ಹೆಣ್ಣಾಗಿಯೇ ಬಾಳಿದವಳು ಅವಳು. ಹಿಂದೆ ಬೈದವರ ಮನೆಯಲ್ಲೂ ಈಗ ಮದುಮಗಳ ತುರುಬು ಕಟ್ಟಲು ಅವಳೇ ಬೇಕು. "ದೇವರು ಮುಖ ಕೊಡ್ತಾನೆ, ವೆನಿಂಗ್ ಕಳೆ ಕೊಡ್ತಾಳೆ" ಎಂದು ಹೆಂಗಸರು ಅಂದರೆ, "ಅಲ್ಲಾ ಕ್ಷಮಿಸಲಿ, ಹಾಗೆಲ್ಲ ಅನ್ನಬೇಡ್ರಮ್ಮ" ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಲೂ ಇದ್ದಳು.

ಇಂಥವಳಿಗೆ ಪತ್ರಕರ್ತೆಯಾಗುವ ಹುಚ್ಚು ಹಿಡಿದದ್ದು ಒಂದು ಪಟದಿಂದ. ಕೆಲವು ವರ್ಷಗಳ ಹಿಂದೆ ಗೆಳತಿಯರೊಡನೆ ರಸ್ತೆಬದಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಪೊಲೀಸರ ದಾಳಿ ನಡೆಯಿತು. ಮಾರನೆಯ ದಿನ ಪತ್ರಿಕೆಯೊಂದರಲ್ಲಿ ಅವಳ ಮುಖ ಬಂತು. ಕಾಡಿಗೆ ಕೆನ್ನೆಗಿಳಿದಿತ್ತು, ಕೂದಲು ಕೆದರಿತ್ತು. ಕೆಳಗೆ ಅವಳು ಎಂದೋ ಬಿಟ್ಟುಬಂದ ಗಂಡು ಹೆಸರು. ಅಂದಿನಿಂದ ಅವಳದು ಒಂದೇ ಆಸೆ: ಪತ್ರಿಕೆಯಲ್ಲಿ ಒಮ್ಮೆಯಾದರೂ ತನ್ನ ಹೆಸರು ತಾನಿಟ್ಟುಕೊಂಡಂತೆಯೇ ಬೀಳಬೇಕು, ಅದೂ ತಾನೇ ಬರೆದದ್ದರ ಜೊತೆಗೆ.

ದಾರಿ ಸಿಕ್ಕಿದ್ದು ಸೆಮರಾಂಗ್ ಪಟ್ಟಣದಲ್ಲಿ, ದರ್ಜಿ ಅಂಗಡಿಯೊಂದರ ಮಹಡಿಯಲ್ಲಿ. ಅಲ್ಲಿ ತಂತ್ರಿ ಅಕ್ಕ ಪ್ರತಿ ಭಾನುವಾರ ಪಾಠ ಹೇಳುತ್ತಿದ್ದಳು. ಅವಳೂ ವೆನಿಂಗಳಂಥವಳೇ. ಪತ್ರಿಕಾಲಯವೊಂದರಲ್ಲಿ ಬಹಳ ಕಾಲ ಬೇರೆಯವರ ಬರಹ ತಿದ್ದಿ, ತಲೆ ನರೆತ ಮೇಲೆ ತನ್ನ ಹೆಸರಿನಲ್ಲಿ ಬರೆದವಳು. ತಾನು ನಡೆದ ಮುಳ್ಳಿನ ದಾರಿಯಲ್ಲಿ ಹಿಂದೆ ಬರುವವರ ಕಾಲಿಗೆ ಚಪ್ಪಲಿಯಾದರೂ ಇರಲಿ ಎಂದು ಶುರುಮಾಡಿದ ಪಾಠಶಾಲೆ ಅದು. ಕೇಳುವುದು ಹೇಗೆ, ಕೇಳಿ ಸುಮ್ಮನಿರುವುದು ಹೇಗೆ, ಯಾರಾದರೂ ಕ್ಯಾಮೆರಾ ಕಿತ್ತುಕೊಂಡರೆ ಏನು ಮಾಡಬೇಕು, ಎಲ್ಲವನ್ನೂ ಕಲಿಸುತ್ತಿದ್ದಳು. ಈ ಸಲ ಪತ್ರಿಕೆಯೊಂದರ ಸಂಪಾದಕರನ್ನೂ ಒಪ್ಪಿಸಿದ್ದಳು. ತರಗತಿಯ ಒಂದು ವರದಿ, ಪಟದ ಸಮೇತ, ಬರೆದವರ ಸ್ವಂತ ಹೆಸರಿನಲ್ಲಿ ಅಚ್ಚಾಗುತ್ತದೆ.

ಆರಿಸಿದ್ದು ವೆನಿಂಗಳ ವಿಷಯವನ್ನು: ಮನೆಯೊಳಗೆ ಬರುವ ಸಮುದ್ರ.

ಬೇರೆಲ್ಲಿಗೂ ಹೋಗುವ ಕೆಲಸವಿರಲಿಲ್ಲ. ಕೇರಿಯ ಕೊನೆಯಲ್ಲೇ ಕಾರ್ಸಿನೆಮ್ ಅಜ್ಜಿಯ ಮನೆ. ಬಾಟಿಕ್ ಬಟ್ಟೆಗೆ ಮೇಣದ ಚಿತ್ತಾರ ಬರೆದು ಬದುಕಿದ ಒಂಟಿ ಮುದುಕಿ. ನೀರು ಬಂದಾಗಲೆಲ್ಲ ಮಣ್ಣು ತುಂಬಿಸಿ ನೆಲ ಎತ್ತರಿಸಿದ್ದರಿಂದ ಈಗ ಹೆಂಚು ಕೈಗೆ ಸಿಗುವಷ್ಟು ಕೆಳಗೆ ಬಂದಿತ್ತು. ಬಗ್ಗದೆ ಬಾಗಿಲು ದಾಟುವಂತಿರಲಿಲ್ಲ. "ಮನೇಗೆ ಬರೋರೆಲ್ಲ ನಂಗೆ ತಲೆ ಬಾಗ್ತಾರೆ, ಸುಲ್ತಾನನಿಗೂ ಇಷ್ಟು ಮರ್ಯಾದೆ ಇಲ್ಲ" ಎನ್ನುತ್ತಿದ್ದಳು ಅಜ್ಜಿ. ವೆನಿಂಗ್ ಬಗ್ಗಿ ಒಳಹೋದಳು, ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ಮಾತಾಡಿಸಿದಳು, ಪಟ ತೆಗೆದಳು.

ಭಾನುವಾರ ತರಗತಿಯಲ್ಲಿ ಆ ಪಟ ಪರದೆಯ ಮೇಲೆ ಬಂದಾಗ ತಂತ್ರಿ ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಯಾರ ಮದುವೆ ಕಣೇ ಇದು?"

ತರಗತಿ ಗೊಳ್ಳೆಂದಿತು. ಅಜ್ಜಿಯ ತುರುಬಿನಲ್ಲಿ ಒಂದೆಳೆ ಕೂದಲೂ ಆಚೀಚೆ ಆಗಿರಲಿಲ್ಲ. ತುಟಿಗೆ ತೆಳು ಕೆಂಪು, ಕೆನ್ನೆಗೆ ಪೌಡರು.

"ಅಕ್ಕ, ನಾನು ಬೇಕಂತ ಮಾಡ್ಲಿಲ್ಲ" ಎಂದಳು ವೆನಿಂಗ್. "ಕೈ ತಾನಾಗೇ ಹೋಯ್ತು."

"ನೀರಲ್ಲಿ ಚಪ್ಪಲಿ ಗಿಪ್ಪಲಿ ತೇಲ್ತಿರಲಿಲ್ವಾ?"

"ಎತ್ತಿಟ್ಟೆ."

"ಪಾಚಿ ಹಿಡಿದ ಗೋಡೆ?"

"ಅದರ ಮುಂದೆ ಒಂದು ಬಾಟಿಕ್ ಬಟ್ಟೆ ಇಳಿಬಿಟ್ಟೆ."

ಹಿಂದಿನ ಸಾಲಿನಿಂದ ದಾಮರ್ ಬಾಯಿ ಹಾಕಿದ. ಹೆಣ್ಣಾಗಿ ಹುಟ್ಟಿ ಗಂಡಾದವನು, ತರಗತಿಗೆಲ್ಲ ಹರಿತ ನಾಲಿಗೆಯವನು. "ಸಮುದ್ರ ಒಂದನ್ನ ಯಾಕೆ ಬಿಟ್ಟೆ ಮಾರಾಯ್ತಿ? ಅದಕ್ಕೂ ಒಂದಿಷ್ಟು ಪೌಡರ್ ಬಳೀಬೇಕಾಗಿತ್ತು."

ನಗು ನಿಂತ ಮೇಲೆ ತಂತ್ರಿ ಅಕ್ಕ ಮೆತ್ತಗೆ ಹೇಳಿದಳು: "ಆವತ್ತು ನಿನ್ನ ಪಟ ತೆಗೆದೋನು ನಿನ್ನನ್ನ ಕೊಳಕಾಗಿ ತೋರಿಸಿ ಸುಳ್ಳು ಹೇಳಿದ. ನೀನೀಗ ಅಜ್ಜೀನ ಚೆಂದಾಗಿ ತೋರಿಸಿ ಅದನ್ನೇ ಮಾಡ್ತಿದೀಯ. ಓದೋರು ಇದನ್ನ ನೋಡಿ, ಮುದುಕಿ ಸುಖವಾಗಿದಾಳೆ ಅಂತ ಪುಟ ತಿರುವಿದ್ರೆ? ಗುರುವಾರದೊಳಗೆ ಬೇರೆ ಪಟ ತಾ. ಇಲ್ಲಾಂದ್ರೆ ದಾಮರನ ವರದಿ ಕಳಿಸ್ತೀನಿ. ಆ ಬಾಚಣಿಗೆ ಪೆಟ್ಟಿಗೆ ಮಾತ್ರ ಮನೇಲೇ ಬಿಟ್ಟು ಹೋಗು."

ಪೆಟ್ಟಿಗೆ ಇಲ್ಲದೆ ಕೇರಿ ದಾಟುವಾಗ ವೆನಿಂಗಳಿಗೆ ಬೇರೆ ಯಾರದೋ ಕೈಗಳನ್ನು ತಗುಲಿಸಿಕೊಂಡು ಬಂದಂತಿತ್ತು. ಅಜ್ಜಿ ಅವಳ ಬರಿಗೈ ನೋಡಿದಳು.

"ಪೆಟ್ಟಿಗೆ ಎಲ್ಲೇ?"

"ಇವತ್ತು ಇಲ್ಲಜ್ಜಿ. ಹೇಗಿದೀರೋ ಹಾಗೇ ತೆಗೀಬೇಕಂತೆ."

"ಹೇಗಿದೀನೋ ಹಾಗೆ ನನ್ನ ಗಂಡಾನೇ ನೋಡಿರ್ಲಿಲ್ಲ. ಇನ್ನು ಸೆಮರಾಂಗಿನೋರು ನೋಡ್ಬೇಕಾ?" ಅಜ್ಜಿ ಸೆರಗಿನಂಥ ತಲೆವಸ್ತ್ರವನ್ನು ಮುಖಕ್ಕೆಳೆದುಕೊಂಡಳು. "ನಿನ್ನ ಪಟ ಬಂದಾಗ ಅಂಗಡಿಗೆ ಒಳಗಿಂದ ಚಿಲಕ ಹಾಕ್ಕೊಂಡು ಅತ್ತೆಯಲ್ಲ, ಮರೆತೆಯಾ? ಗಂಜಿ ತಂದು ಬಾಗಿಲು ಬಡಿದೋಳು ನಾನು."

ವೆನಿಂಗ್ ಮರೆತಿರಲಿಲ್ಲ. ಅವಳು ಫೋನನ್ನು ಮಡಿಲಿಗೆ ಹಾಕಿಕೊಂಡು, ನೀರಿನಿಂದ ಮೇಲಿದ್ದ ಬೆಂಚಿನ ತುದಿಯಲ್ಲಿ ಕೂತಳು. ಬೇರೆ ಪಟ ಸಿಗದಿದ್ದರೆ ಹೆಸರೂ ಇಲ್ಲ. ಆದರೆ ಈ ಮುದುಕಿಗೆ ಕಣ್ಣೀರು ಹಾಕಿಸಿ ಪಡೆದ ಹೆಸರಾದರೂ ಯಾಕೆ ಬೇಕು? ಅವಳು ಕೇಳಿದಳು: "ಅಜ್ಜಿ, ನಿಮ್ಮ ಬಗ್ಗೆ ಜನಕ್ಕೆ ಏನು ಗೊತ್ತಾಗ್ಬೇಕು ಅಂತ ನಿಮಗಿದೆ?" ಕೇಳಿ ಸುಮ್ಮನಾದಳು. ಸಲೂನಿನಲ್ಲಿ ಒಂದು ಗಳಿಗೆಯೂ ಬಾಯಿ ಮುಚ್ಚದವಳಿಗೆ ಅದೇ ದೊಡ್ಡ ಉಪವಾಸ.

ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು ನೀರಿನ ಮೇಲೆ ಅಲುಗಾಡುತ್ತಿತ್ತು.

"ಏನಿಲ್ಲ" ಎಂದಳು ಅಜ್ಜಿ ಕೊನೆಗೆ. "ನೀರು ಬಂತು ಅಂತ ನಾನು ನಮಾಜು ಬಿಟ್ಟಿಲ್ಲ, ತಲೆ ಬಾಚದೆ ಹೊಸ್ತಿಲು ದಾಟಿಲ್ಲ. ಅಷ್ಟು ಗೊತ್ತಾದ್ರೆ ಸಾಕು."

ಅಷ್ಟರಲ್ಲಿ ಸಂಜೆಯ ಆಜಾನ್ ಕೇಳಿಸಿತು. ಅಜ್ಜಿ ಬಿಸ್ಮಿಲ್ಲಾ ಅನ್ನುತ್ತ ಬೆಂಚಿನ ಮೇಲೆ ಹತ್ತಿ ನಿಂತು ತುರುಬು ಬಿಚ್ಚಿದಳು. ಕನ್ನಡಿ ಹೆಂಚಿಗೆ ತಾಗುವಂತೆ ತೂಗಿತ್ತು.

"ಅದ್ಯಾಕಜ್ಜಿ ಅಷ್ಟು ಮೇಲೆ?"

"ನೆಲ ಏರಿಸಿದಾಗೆಲ್ಲ ಕನ್ನಡೀನೂ ಏರಿಸಿದೆ. ನೀರಿನ ಭಯಕ್ಕೆ ಒಂದು ಗೇಣು ಜಾಸ್ತೀನೇ ಏರಿಸಿದೆ. ನಾನು ಮಾತ್ರ ಬೆಳೀಲಿಲ್ಲ ನೋಡು."

ಕನ್ನಡಿಯ ಕೆಳಗೆ, ಅದು ಹಿಂದೆ ತೂಗಿದ್ದ ಹಳೆಯ ಮೊಳೆಗಳು ಒಂದರ ಕೆಳಗೊಂದು ತುಕ್ಕಿನ ಗೆರೆ ಬಿಟ್ಟುಕೊಂಡು ನಿಂತಿದ್ದವು. ಕೊನೆಯದು ಅರ್ಧ ನೀರಿನಲ್ಲಿತ್ತು. ಮೊನ್ನೆ ತಾನು ಇಳಿಬಿಟ್ಟ ಚೆಂದದ ಬಟ್ಟೆ ಮುಚ್ಚಿದ್ದು ಇದನ್ನೇ!

"ಈಗ ತೆಗೀಲಾ ಅಜ್ಜಿ?"

"ತೆಗಿ. ನಾನಂತೂ ನನ್ನ ಕೆಲಸ ನಿಲ್ಸಲ್ಲ."

ಅಜ್ಜಿ ಬಾಚಿದಳು, ತಿರುವಿದಳು, ಗಂಟು ಹಾಕಿದಳು. ಎಡಗಿವಿಯ ಹತ್ತಿರ ಒಂದು ಎಳೆ ಜಾರಿ ಇಳಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ವೆನಿಂಗಳ ಎಡಗೈ ಎದ್ದೇಬಿಟ್ಟಿತ್ತು. ಅದನ್ನು ಹಿಡಿದೆಳೆದು ತೊಡೆಯಡಿ ಇಟ್ಟು, ಅದರ ಮೇಲೆ ಕೂತು, ಬಲಗೈಯಲ್ಲಿ ಪಟ ತೆಗೆದಳು.

ಬುಧವಾರವೇ ತಂತ್ರಿ ಅಕ್ಕನ ಫೋನು ಬಂತು.

"ತುರುಬು ಯಾರು ಕಟ್ಟಿದ್ದು?"

"ಅವರೇ."

"ನಿನ್ನ ಕೈ ಎಲ್ಲಿತ್ತು?"

"ಅದರ ಮೇಲೆ ಕೂತಿದ್ದೆ ಅಕ್ಕ."

ಆ ಕಡೆ ನಗು ಕೇಳಿತು. "ಇನ್ನು ಹೆಸರು. ನೀನೇ ಬಾಯಿಬಿಟ್ಟು ಹೇಳು, ನಾನು ಬರ್ಕೊತೀನಿ."

ದಿನಾ ಹತ್ತು ಸಲ ಆಡುವ ಹೆಸರನ್ನು ವೆನಿಂಗ್ ಅಂದು ಒಂದೊಂದೇ ಅಕ್ಷರ ಬಿಡಿಸಿ, ಎರಡೆರಡು ಸಲ ಹೇಳಿದಳು.

ಭಾನುವಾರ ವೆನಿಂಗ್ ಪತ್ರಿಕೆಯನ್ನು ತಲೆಯ ಮೇಲೆ ಹಿಡಿದು, ಲಂಗ ಎತ್ತಿಕಟ್ಟಿ, ನೀರು ತುಳಿಯುತ್ತ ಹೋದಳು. ಅಜ್ಜಿ ಹಾಳೆಯನ್ನು ದೂರ ಹಿಡಿದಳು, ಹತ್ತಿರ ತಂದಳು. ಮೊದಲು ಓದಿದ್ದು ಅಕ್ಷರವನ್ನು, ಒಂದೊಂದಾಗಿ, ಜೋರಾಗಿ: "ವೆನಿಂಗ್ ಸುರ್ಯಂದಾರಿ. ಹೂಂ. ಈ ಸಲ ಸರಿಯಾಗಿ ಹಾಕಿದಾರೆ."

ವೆನಿಂಗ್ ಮುಖ ತಿರುಗಿಸಿಕೊಂಡಳು. ಕಾಡಿಗೆ ಇಳಿಯಬಾರದಲ್ಲ.

ಅಜ್ಜಿ ಈಗ ಪಟ ನೋಡಿದಳು. ಹುಬ್ಬು ಗಂಟಾಯಿತು. "ಎಡಗಡೆ ಕೂದಲು ಜಾರಿದೆ! ಪಕ್ಕದಲ್ಲೇ ಕೂತಿದ್ದೆಯಲ್ಲೇ, ಒಂದು ಮಾತು ಹೇಳೋಕೇನಾಗಿತ್ತು?"

"ಹೇಳೋ ಹಾಗಿರಲಿಲ್ಲಜ್ಜಿ."

"ಎಂಥ ಕೆಲಸ ಕಲ್ತೆಯೇ ತಾಯಿ! ಊರಿಗೆಲ್ಲ ನನ್ನ ಕೆದರಿದ ತಲೆ ತೋರಿಸಿದೆ." ಬೈಯುತ್ತಲೇ ಅಜ್ಜಿ ಪತ್ರಿಕೆಯನ್ನು ಮಡಚಿ ಕನ್ನಡಿಯ ಹಿಂದೆ, ನೀರು ತಾಗದ ಕಡೆ, ಸಿಕ್ಕಿಸಿದಳು. ಆಮೇಲೆ ಬೆಂಚಿನ ಮೇಲೆ ಕೂತು ಬೆನ್ನು ತಿರುಗಿಸಿದಳು. "ಈಗಲಾದ್ರೂ ಸರಿ ಮಾಡು."

ವೆನಿಂಗ್ ಫೋನನ್ನು ದೂರ ಇಟ್ಟು, ಬಾಚಣಿಗೆ ಕೈಗೆತ್ತಿಕೊಂಡಳು.