ಸೋಮವಾರದ ಎರಡನೇ ಪಾಲು

ಅಮ್ಮನ ಬಲಗಣ್ಣಿನ ಆಪರೇಷನ್‌ಗೆ ಈ ಚಳಿಗಾಲದಲ್ಲೇ ಎರಡು ಸಲ ದಿನ ಕೊಟ್ಟಿದ್ದರು. ಎರಡು ಸಲವೂ ತಡವಾಗಿ ಹೋಗಿ ಬೈಸಿಕೊಂಡು ವಾಪಸ್ ಬಂದೆವು. ಆ ಡಾಕ್ಟರು ಆಪರೇಷನ್ ಮಾಡುವುದು ಸೋಮವಾರ ಮಾತ್ರ. ಒಂಬತ್ತೂವರೆಗೆ ಅಲ್ಲಿರಬೇಕು, ಬಸ್ಸಿನಲ್ಲಿ ಒಂದು ಗಂಟೆ ದಾರಿ. ಊರಿಂದ ತರಿಸಿದ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಅದು ಮುಗಿಯುವ ತನಕ ಅಪ್ಪ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಮೂರನೇ ಸಲ ದಿನ ಕೊಡುವಾಗ, ಈ ಸಲವೂ ತಪ್ಪಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಅಂತ ನರ್ಸ್ ಹೇಳಿದ್ದಳು. ಎಡಗಣ್ಣು ಹೋಗಿ ಆಗಲೇ ಮೂರು ವರ್ಷ. ಅಮ್ಮ ಈಗ ಲೋಟಕ್ಕೆ ನೀರು ಹಾಕುವಾಗ ಬೆರಳು ಒಳಗಿಟ್ಟುಕೊಂಡೇ ಹಾಕುತ್ತಾಳೆ.

ಭಾನುವಾರ ಅಪ್ಪ ಗೋದಾಮಿನ ಪಾಳಿಗೆ ಹೋಗಿದ್ದ. ಲಾಂಡ್ರಿಯಲ್ಲಿ ದಿನವಿಡೀ ಒದ್ದೆ ಚಾದರ ಎತ್ತಿ ಬಂದ ಕೈಯಲ್ಲೇ ಅವನ ಪಂಚಾಂಗ ತೆಗೆದೆ. ಹರಿದು ಬಿಸಾಕಬೇಕು ಅಂತಲೇ ತೆಗೆದದ್ದು. ಕೊನೆಯ ಪುಟ ಕಣ್ಣಿಗೆ ಬಿತ್ತು. ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತನ್ನು ಎಂಟು ಪಾಲು ಮಾಡಬೇಕು, ಸೋಮವಾರ ಎರಡನೇ ಪಾಲು ರಾಹುಕಾಲ. ಕ್ಯಾಲೆಂಡರಿನವರು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನನ್ನು ಹಿಡಿದು ಲೆಕ್ಕ ಹಾಕಿದ್ದಾರೆ. ನಾವು ದುಡಿಯಲು ಬಂದಿರುವ ಈ ಉತ್ತರದ ದೇಶದಲ್ಲಿ ಚಳಿಗಾಲಕ್ಕೆ ಅವನು ಏಳುವುದೇ ಎಂಟಕ್ಕೆ, ನಾಲ್ಕಕ್ಕೆಲ್ಲ ಅಂಗಡಿ ಮುಚ್ಚುತ್ತಾನೆ. ಪಾಲಿಗೆ ಒಂದು ಗಂಟೆ. ಅಂದರೆ ರಾಹುಕಾಲ ಒಂಬತ್ತರಿಂದ ಹತ್ತು.

ಸೋಮವಾರ ಬೆಳಿಗ್ಗೆ ಪುಸ್ತಕ, ಪೆನ್ನು ಎರಡನ್ನೂ ಕುರ್ಚಿಯಲ್ಲಿದ್ದ ಅಪ್ಪನ ತೊಡೆಯ ಮೇಲಿಟ್ಟೆ.

“ಎಂಟನೇ ಕ್ಲಾಸಿಗೇ ಓದಿಗೆ ಮಣ್ಣು ಹಾಕ್ದೋನು ಪಂಚಾಂಗ ಹೇಳ್ತಾನಂತೆ, ಕೇಳೇ,” ಅಂತ ಅಮ್ಮನಿಗೆ ಹೇಳಿದ.

“ಭಾಗಾಕಾರ ಅದಕ್ಕೆ ಮುಂಚೇನೇ ಕಲಿಸಿದ್ರು. ನೀನೇ ಹಾಕಿ ನೋಡು.”

ಹಾಕಿದ. ಎರಡು ಸಲ ಹಾಕಿದ. ಇಪ್ಪತ್ತು ವರ್ಷ ಪೆಟ್ಟಿಗೆ ತೂಗಿ ಬರೆದ ಕೈ, ತಪ್ಪಲಿಲ್ಲ. ಪೆನ್ನು ಬದಿಗಿಟ್ಟ.

“ಹಾಗಾದ್ರೆ ಎರಡು ಸಲಾನೂ ಒಂಬತ್ತು ದಾಟಿಸಿ, ಇವಳನ್ನ ರಾಹುಕಾಲದಲ್ಲೇ ಹೊರಡಿಸಿದೆನೇನೋ?”

ಹೌದು ಅಂದೆ. ಗೆದ್ದೆ ಅನ್ನಿಸಬೇಕಿತ್ತು. ಬೆನ್ನು ನೋಯುತ್ತಿತ್ತು, ಅಷ್ಟೆ.

ಅಷ್ಟರಲ್ಲಿ ಅವನ ಬೆರಳು ಮತ್ತೆ ಕಾಗದದ ಮೇಲೆ ಹೋಯಿತು. ಆಪರೇಷನ್ ಒಂಬತ್ತೂವರೆಗಲ್ಲವಾ, ನಿನ್ನ ಲೆಕ್ಕದಲ್ಲೇ ಅದು ರಾಹುಕಾಲದ ನಟ್ಟನಡುವೆ ಅಂದ. ಎಂಟೂ ಇಪ್ಪತ್ತಾಗಿತ್ತು. ಬೈಯುವುದಕ್ಕೂ ಶಕ್ತಿ ಇರಲಿಲ್ಲ.

ಅಮ್ಮ ಅಷ್ಟು ಹೊತ್ತೂ ಕೋಟಿನ ಗುಂಡಿಗೆ ತೂತು ತಡಕುತ್ತ ನಿಂತಿದ್ದಳು.

“ಎಡಗಣ್ಣು ನುಂಗಿ ಆಯ್ತಲ್ಲ ನಿಮ್ಮ ರಾಹು, ಇದೊಂದು ನಂಗೆ ಬಿಡಿ. ಏಳ್ತೀರೋ, ನಾನೇ ಗೋಡೆ ಹಿಡ್ಕೊಂಡು ಹೋಗ್ಲೋ?”

ಅಪ್ಪ ಎದ್ದ. ಅವಳ ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಮೂವರೂ ಬಸ್ಸು ಹತ್ತಿದೆವು. ಒಂಬತ್ತೂ ಮೂವತ್ತೈದಕ್ಕೆ ಅಮ್ಮನನ್ನು ಒಳಗೆ ಕರೆದರು. ಅಪ್ಪ ಆಸ್ಪತ್ರೆಯ ಗಡಿಯಾರಕ್ಕೆ ಬೆನ್ನು ಹಾಕಿ ಬೆಂಚಿನ ತುದಿಯಲ್ಲಿ ಕೂತ. ನಾನು ಪಕ್ಕದಲ್ಲಿ ಕೂತು, ಕೂತ ಹಾಗೆಯೇ ನಿದ್ದೆ ಹೋದೆ.